ಊಜಿರಾಯನಿಗೆ ತಪ್ಪಿದ ಸಿನಿಮಾ

ಶಿಡ್ಲಘಟ್ಟದ ಖಲೀಮುಲ್ಲಾ ಸಾಧು ಮನುಷ್ಯ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದು ಅವರ ಅಪ್ಪನ ಕಾಲದಿಂದ ಬಂದ ಕಸುಬು. ಎದುರುಮನೆಯವರು ಮೂರನೇ ಅಂತಸ್ತು ಎಬ್ಬಿಸಿದಾಗ ಮರಳು ಸುರಿಯಲು ತಮ್ಮ ಅಂಗಳ ಬಿಟ್ಟುಕೊಟ್ಟವರು. ಷಡ್ಡಕ ಹೊಸ ಕಾರು ತಂದಾಗ ತಾವೇ ಓಣಿಗೆಲ್ಲ ಮಿಠಾಯಿ ಹಂಚಿದವರು. ಆದರೆ ಯಾವುದಾದರೂ ಸೂಪರ್ ಹೀರೋ ಸಿನಿಮಾದಲ್ಲಿ ಖಳನಾಯಕ ತೆರೆಗೆ ಬಂದನೆಂದರೆ ಮುಗಿಯಿತು. ಗೂಡು ಬೇಯಿಸುವ ಒಲೆಗಿಂತ ಜೋರಾದ ಉರಿಯೊಂದು ಈ ಸಾಧುವಿನ ಹೊಟ್ಟೆಯಲ್ಲಿ ಹತ್ತಿಕೊಳ್ಳುತ್ತದೆ.

ಮಿಕ್ಕವರು ಅಂಥ ಸಿನಿಮಾ ನೋಡಿ ಹಾರಬೇಕು, ಕಟ್ಟಡ ಎತ್ತಬೇಕು ಎಂದುಕೊಂಡು ಹೊರಬರುತ್ತಾರೆ. ಖಲೀಮುಲ್ಲಾ ಹಲ್ಲು ಕಚ್ಚಿಕೊಂಡು ಹೊರಬರುತ್ತಾರೆ.

"ಏನ್ಜೀ, ಅವನು ಸಿನಿಮಾ ರಾಕ್ಷಸ. ನಿಮಗೇನು ಮಾಡಿದಾನೆ?" ಎಂದು ಹೆಂಡತಿ ರಹಮತುನ್ನೀಸಾ ಒಮ್ಮೆ ಚಿಂತಾಮಣಿಯ ಟಾಕೀಸಿನ ಮೆಟ್ಟಿಲ ಮೇಲೇ ಕೇಳಿದ್ದರು.

"ನನ್ನ ಮಗನ ಜಾಗದಲ್ಲಿ ಕೂತಿದಾನೆ!"

ಮಗ ಎಂದರೆ ಅವರ ಸ್ವಂತ ಮಗ ವಾಸಿಫ್ ಅಲ್ಲ. ಅವನಿಗೆ ಅಂಗಡಿಯಿದೆ, ಸುಖವಾಗಿದ್ದಾನೆ. ಇದು ಊಜಿರಾಯ.

ಊಜಿರಾಯ ಹುಟ್ಟಿದ್ದು ಖಲೀಮುಲ್ಲಾ ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗನಾಗಿದ್ದಾಗ. ಚಿಂತಾಮಣಿಯ ಸಣ್ಣ ಅಚ್ಚುಕೂಟವೊಂದರಿಂದ 'ಗುಡುಗು' ಎಂಬ ಚಿತ್ರಕಥೆಗಳ ಮಾಸಪತ್ರಿಕೆ ಬರುತ್ತಿತ್ತು. ಖಲೀಮುಲ್ಲಾ ಅದಕ್ಕೆ ಖಳನಾಯಕನನ್ನು ಬರೆದುಕೊಟ್ಟರು. ರೇಷ್ಮೆ ಸೀಮೆಯಲ್ಲಿ ಊಜಿ ನೊಣ ಯಾರಿಗೆ ಗೊತ್ತಿಲ್ಲ? ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಒಳಗೇ ತಿಂದು ಬೆಳೆದು, ಗೂಡಿಗೆ ತೂತು ಹೊಡೆದು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚುವುದಿಲ್ಲ. ಖಲೀಮುಲ್ಲಾ ಆ ನೊಣಕ್ಕೆ ಮನುಷ್ಯನ ದೇಹ, ಕಂದು ರೆಕ್ಕೆ, ತಲೆಯ ಮೇಲೊಂದು ಕಿರೀಟ ಕೊಟ್ಟರು.

"ಇಂಗ್ಲಿಷ್ ಸಿನಿಮಾ ವಿಲನ್‌ಗೆ ಏನು ಬೇಕು? ಇಡೀ ಪ್ರಪಂಚ. ತಗೊಂಡು ಏನ್ಮಾಡ್ತಾನೆ? ಇಷ್ಟು ಜನಕ್ಕೆ ನೀರು ಬಿಡೋನು ಯಾರು, ಕಸ ಎತ್ಸೋನು ಯಾರು?" ಎಂಬುದು ಅವರ ವಾದ. "ನನ್ನ ಊಜಿರಾಯನಿಗೆ ಪ್ರಪಂಚ ಬೇಡ. ಇನ್ನೊಬ್ಬನ ಗೂಡು ಚೆನ್ನಾಗಿರಬಾರದು, ಅಷ್ಟೇ. ಅದಪ್ಪಾ ನಿಜವಾದ ಕೇಡು!"

ಮಾತು ಸರಿಯೇ. ಆದರೆ 'ಗುಡುಗು' ಓದುವ ಮಕ್ಕಳು ಮೆಚ್ಚಿದ್ದು ಬೇರೊಬ್ಬನನ್ನು. ಅವನ ಹೆಸರು ಕರೆಂಟ್ ಕಾಟಯ್ಯ. ಬರೆದವನು ಮುದ್ದೇನಹಳ್ಳಿಯ ನರೇಂದ್ರ. ಕಾಟಯ್ಯನಿಗೆ ಹೊಟ್ಟೆಯ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್. ಊರೂರಿನ ಕರೆಂಟು ಕುಡಿದು, ಮೀಸೆಯ ತುದಿಯಲ್ಲಿ ಕಿಡಿ ಹಾರಿಸಿ, 'ಇನ್ನೊಂದು ಫೇಸ್ ಕರೆಂಟ್ ತಗೊಂಬಾ' ಎಂದು ತೇಗುವುದು ಅವನ ದುಷ್ಟತನದ ಪರಮಾವಧಿ. ಊಜಿರಾಯ ಒಂದು ವಂಶವನ್ನೇ ಒಳಗಿಂದ ಕೊರೆಯುತ್ತಿದ್ದಾಗ ಈ ಕಾಟಯ್ಯ ಮದುವೆಮನೆಯ ಸೀರಿಯಲ್ ಸೆಟ್ ಆರಿಸುತ್ತಿದ್ದ. ಮಕ್ಕಳು ಕೇಕೆ ಹಾಕುತ್ತಿದ್ದರು.

ಪತ್ರಿಕೆ ನಿಂತುಹೋಯಿತು. ನರೇಂದ್ರ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾದ, ಖಲೀಮುಲ್ಲಾ ಒಲೆ ಮುಂದೆ ಕೂತರು. ಇಬ್ಬರೂ ಜೀವದ ಗೆಳೆಯರು. ಆದರೆ ಊರಲ್ಲಿ ಕರೆಂಟು ಹೋದಾಗ ಯಾರಾದರೂ ನಗುತ್ತಾ 'ಬಂದ ನೋಡು ಕಾಟಯ್ಯ' ಎಂದರೆ, ಆ ಕತ್ತಲಲ್ಲಿ ಒಬ್ಬ ಮನುಷ್ಯ ಕೆಂಪಗೆ ಕಾಯುವುದನ್ನು ಯಾರೂ ಕಾಣಲಿಲ್ಲ.

ಹೀಗಿರುವಾಗ ಸುನೀಲ್ ಬಂದ. ಗೌರಿಬಿದನೂರಿನವನು. ಕೆಲಸ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ, ಪ್ರಾಣ ಕ್ಯಾಮೆರಾದಲ್ಲಿ. ಪಾಳಿ ಮುಗಿಸಿ ಮಾಡಿದ ಕಿರುಚಿತ್ರಗಳಿಂದ ಮೊಬೈಲಿನಲ್ಲಿ ಹೆಸರು ಮಾಡಿದ್ದವನು ಈಗ ಪೂರಾ ಸಿನಿಮಾಕ್ಕೇ ಕೈ ಹಾಕಿದ್ದ. ನಮ್ಮ ಸೀಮೆಯದೇ ಸೂಪರ್ ಹೀರೋ. ಹೀರೋ ಯಾರೋ ಒಬ್ಬ, ಎಲ್ಲ ಹೀರೋಗಳಂತೆ ಒಳ್ಳೆಯವನು, ಅವನ ವಿಷಯ ನಮಗೆ ಬೇಡ. ಖಳನಾಯಕ ಮಾತ್ರ ಹಳೆಯ 'ಗುಡುಗು' ಪತ್ರಿಕೆಯಿಂದಲೇ ಬರಬೇಕೆಂದು ಸುನೀಲ್ ಪಟ್ಟು ಹಿಡಿದಿದ್ದ. ಅವನು ಆ ಚಿತ್ರಕಥೆಗಳನ್ನು ಓದಿಕೊಂಡೇ ಬೆಳೆದವನು.

"ಜಾಗ ಇರೋದು ಒಬ್ಬನಿಗೆ ಖಲೀಮಣ್ಣ. ಊಜಿರಾಯನೋ, ಕಾಟಯ್ಯನೋ? ನಿಮ್ಮೂರ ಗೂಡಿನ ಮಾರ್ಕೆಟ್ ಮುಂದೆ ಇಬ್ಬರ ಕಟೌಟೂ ನಿಲ್ಲಿಸ್ತೀನಿ. ಜನ ಯಾರನ್ನ ನೋಡಿ ಹೆದರ್ತಾರೋ ಅವನೇ ನನ್ನ ವಿಲನ್."

ಖಲೀಮುಲ್ಲಾ ಮನೆಗೆ ಹಾರಿಕೊಂಡೇ ಬಂದರು. ರೇಷ್ಮೆ ಮಾರುಕಟ್ಟೆಯ ಬಾಗಿಲಲ್ಲಿ ಊಜಿಗಿಂತ ಭಯಂಕರವಾದದ್ದು ಏನಿದೆ? ತೀರ್ಪು ಆಗಲೇ ಆಗಿಹೋಗಿತ್ತು. ರೆಕ್ಕೆಗೆ ತಾವೇ ಬಣ್ಣ ಬಳಿದರು, ಕಣ್ಣಿಗೆ ಸೈಕಲ್ಲಿನ ಕೆಂಪು ರಿಫ್ಲೆಕ್ಟರ್ ಕೂರಿಸಿದರು. ರಹಮತುನ್ನೀಸಾ ಅಡುಗೆಮನೆಯಿಂದ ಇಣುಕಿ, "ನನ್ನ ಮದುವೆ ದಿನಾನೂ ಇಷ್ಟು ಓಡಾಡಿರಲಿಲ್ಲ ನೀವು," ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಖಲೀಮುಲ್ಲಾ ಗೂಡು ಕೊಳ್ಳುವವರು, ಹುಳು ಸಾಕುವವರಲ್ಲ. ಅವರ ಕಣ್ಣಿಗೆ ಬೀಳುವುದು ತೂತು. ಊಜಿ ನುಗ್ಗದಂತೆ ಹುಳುಮನೆಯ ಕಿಟಕಿಗೆ ನೈಲಾನ್ ಬಲೆ ಹೊಡೆದು, ಬಾಗಿಲಲ್ಲಿ ಸುಣ್ಣ ಚೆಲ್ಲಿ, ಹೊಸಬರನ್ನು ಹೊಸ್ತಿಲಲ್ಲೇ ತಡೆದು ದಿನ ದೂಡುವವರ ಪಾಡು ಅವರು ಕಂಡದ್ದಲ್ಲ.

ಕಟೌಟುಗಳು ನಿಂತ ದಿನ ಬೆಳಗ್ಗೆ ಮಾರ್ಕೆಟ್ಟಿಗೆ ಮೊದಲ ಗೂಡ್ಸ್ ಆಟೋ ಬಂತು. ದಿಬ್ಬೂರಹಳ್ಳಿಯ ಕದಿರಮ್ಮ ಗೂಡಿನ ಚೀಲಗಳ ಮೇಲೆ ಕೂತಿದ್ದಳು. ತಲೆಯೆತ್ತಿದಳು. ಕಿರೀಟ ಧರಿಸಿದ ಊಜಿ ಎರಡಾಳೆತ್ತರ ನಿಂತು ಕೆಂಪು ಕಣ್ಣು ಬಿಡುತ್ತಿತ್ತು.

"ಅಯ್ಯೋ ದೇವುಡಾ! ಆಟೋ ತಿರುಗ್ಸೋ, ತಿರುಗ್ಸೋ!" ಎಂದು ಕಿರುಚಿ, ಕೆಳಗಿಳಿದು ಸೆರಗು ಬಿಗಿದಳು. "ಯಾವ ಮನೆಹಾಳ ನಿಲ್ಸಿದ್ದು ಇದನ್ನ? ಹುಳ ಮನೇಲಿರೋವಾಗ ನಾವು ಇದರ ಹೆಸರೂ ಎತ್ತಲ್ಲ, 'ಅದು' ಅಂತೀವಿ. ನೀವು ಕಿರೀಟ ಬೇರೆ ಇಟ್ಟಿದೀರಾ!"

ಹಿಂದೆ ಬಂದ ಆಟೋಗಳೂ ನಿಂತವು. ಯಾರೋ ಸುಣ್ಣದ ಪುಡಿ ತಂದು ಊಜಿರಾಯನ ಮೇಲೆ ಎರಚಿದರು. ಇನ್ಯಾರೋ ಅಂಗಡಿಯಿಂದ ಹೊಸ ನೈಲಾನ್ ಬಲೆ ತಂದು, ಕಿರೀಟದಿಂದ ಪಾದದವರೆಗೆ ಸುತ್ತಿ, ಹಗ್ಗ ಬಿಗಿದರು. ನಮ್ಮ ಖಳರಾಜ ಕಾಲಿಟ್ಟ ಮುಂಜಾನೆಯೇ ಸೊಳ್ಳೆಪರದೆಯೊಳಗೆ ಸೆರೆಯಾದ.

ಆಚೆ ಬದಿಯಲ್ಲಿ ಜನ ಕಾಟಯ್ಯನ ಟ್ರಾನ್ಸ್‌ಫಾರ್ಮರ್ ಹೊಟ್ಟೆ ತಟ್ಟುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

"ನೋಡ್ದಾ ಸುನೀಲಪ್ಪ? ಹೆದರಿದ್ರು! ಗೆದ್ದೆ!" ಖಲೀಮುಲ್ಲಾ ಅವರ ಮುಖ ಹಬ್ಬದ ದಿನದಂತಿತ್ತು.

ಸುನೀಲ್ ತಲೆ ಕೆರೆದುಕೊಂಡ. "ಹೆದರಿದ್ರು ಖಲೀಮಣ್ಣ, ಅದೇ ಕಷ್ಟ. ಇದರ ಪೋಸ್ಟರ್ ಯಾವ ಗೋಡೆ ಮೇಲೆ ಅಂಟಿಸ್ಲಿ? ನನ್ನ ಸಿನಿಮಾ ನೋಡೋರೆಲ್ಲ ಹುಳ ಸಾಕೋರು. ಟಿಕೆಟ್ ತಗೊಳ್ಳೋದಿರಲಿ, ಟಾಕೀಸಿಗೇ ಬಲೆ ಸುತ್ತಿಬಿಡ್ತಾರೆ. ಕಾಟಯ್ಯನ್ನೇ ಇಟ್ಕೋತೀನಿ, ಬೇಜಾರು ಮಾಡ್ಕೋಬೇಡಿ."

ಅತಿಯಾಗಿ ಗೆದ್ದು ಸೋತ ವೀರನನ್ನು ಪುರಾಣಗಳಲ್ಲೂ ಹುಡುಕಬೇಕು. ಇದರ ಮೇಲೆ ನರೇಂದ್ರ ಬಂದು ಹೆಗಲ ಮೇಲೆ ಕೈಹಾಕಿದ. "ನಿಜವಾದ ವಿಲನ್ ನಿಂದೇ ಕಣೋ ಖಲೀಮ. ನಂದು ಬರೀ ತಮಾಷೆ." ಗೆದ್ದವನು ಮೀಸೆ ತಿರುವಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ವಿನಯ ತೋರಿಸಿದ. ಖಲೀಮುಲ್ಲಾ ಕಾಟಯ್ಯನ ಕಟೌಟನ್ನು ನೋಡುತ್ತಾ ನಿಂತರು. ಆ ನೋಟಕ್ಕೆ ರಟ್ಟು ಹೊತ್ತಿಕೊಳ್ಳದೆ ಉಳಿದದ್ದೇ ಆಶ್ಚರ್ಯ.

ಸುನೀಲ್ ಆ ನೋಟವನ್ನು ಕದ್ದು ಮೊಬೈಲಿನಲ್ಲಿ ಹಿಡಿದಿದ್ದ. ಮರುವಾರ ಮನೆಗೇ ಬಂದು ರಹಮತುನ್ನೀಸಾ ಮುಂದೆ ಹಿಡಿದ.

"ಅಕ್ಕಾ, ಈ ಮುಖ ನೋಡಿ. ಕಾಟಯ್ಯನ ಪಾರ್ಟ್ ಮಾಡೋರಿಗೆ ಇಡೀ ಜಿಲ್ಲೆ ಸುತ್ತಿದೆ, ಇಂಥಾ ಮುಖ ಸಿಗಲಿಲ್ಲ."

"ನಾನು ದಿನಾ ನೋಡೋದು ಇದನ್ನೇ ಅಲ್ವೇನಪ್ಪ!"

ಖಲೀಮುಲ್ಲಾ ಎದ್ದು ನಿಂತರು. "ಏನಂದೆ? ಹೆತ್ತ ಮಗನ್ನ ಬಲೇಲಿ ಸುತ್ತಿ ಮೂಲೆಗೆ ಹಾಕಿ, ಪಕ್ಕದ ಮನೆ ಮಗನಿಗೆ ನಾನು ಮೈ ಕೊಡಬೇಕಾ? ಆಗಲ್ಲ. ಹೋಗಪ್ಪಾ, ಟೀ ಕುಡ್ದು ಹೋಗು."

"ಬಿಡಪ್ಪ, ಬಲವಂತ ಯಾಕೆ?" ಎಂದು ರಹಮತುನ್ನೀಸಾ ಲೋಟ ತೊಳೆಯುತ್ತಾ ಹೇಳಿದರು. "ನರೇಂದ್ರಣ್ಣಾನೇ ಮಾಡ್ತಾರಂತೆ. ಆಗಲೇ ಮೀಸೆ ಬಿಟ್ಟಿದಾರಂತೆ. ಅವರ ಹೆಂಡ್ತಿ ಕವಿತಕ್ಕ ಫೋನಲ್ಲಿ ಹೇಳ್ತಿದ್ರು."

ಖಲೀಮುಲ್ಲಾ ಅವರೊಳಗೆ ಒಂದು ಹೊಟ್ಟೆಕಿಚ್ಚು ಇನ್ನೊಂದರ ಜುಟ್ಟು ಹಿಡಿದು ಸೆಣಸುತ್ತಿತ್ತು. ದೊಡ್ಡದು ಗೆದ್ದಿತು.

"ಆ ಮೀಸೆಗಾ?" ಎಂದರು ಖಲೀಮುಲ್ಲಾ. "ಲೇ ಸುನೀಲ, ಶೂಟಿಂಗ್ ಎಲ್ಲಿ?"

ಕೆಟ್ಟದಾಗಿ ನಟಿಸಿ ಕಾಟಯ್ಯನನ್ನು ಮಣ್ಣುಪಾಲು ಮಾಡುವುದೇ ಅವರ ಒಳಸಂಚು. ಮುದ್ದೇನಹಳ್ಳಿಯ ಹೊಲದಲ್ಲಿ ರಟ್ಟಿನ ಟ್ರಾನ್ಸ್‌ಫಾರ್ಮರ್ ಕಟ್ಟಿಕೊಂಡು ನಿಂತಾಗಲೂ ಅದೇ ನಿರ್ಧಾರ. ಆದರೆ ಕ್ಯಾಮೆರಾ ಎದುರು ಕಣ್ಣುಮುಚ್ಚಿದಾಗ ಕಂಡದ್ದು ಸುಣ್ಣ ಮೆತ್ತಿಕೊಂಡು ಬಲೆಯೊಳಗೆ ನಿಂತ ಊಜಿರಾಯ. ಈ ಬೆಳಕು, ಈ ಗಾಳಿಯಂತ್ರ, ಈ ಹೊಗೆ ಎಲ್ಲ ಅವನಿಗೆ ಸೇರಬೇಕಾಗಿದ್ದವು. ಆ ಸಂಕಟದಿಂದ ಒಂದು ನಗು ಎದ್ದು ಬಂತು. ಹೀರೋ ಪಾತ್ರದವನು ನಿಜವಾಗಿಯೂ ಎರಡು ಹೆಜ್ಜೆ ಹಿಂದೆ ಹೋಗಿ ಬದುವಿನಿಂದ ಉರುಳಿದ.

"ನನ್ನ ಕಾಟಯ್ಯ ಹಿಂಗೆ ನಗಲ್ಲ," ಎಂದ ನರೇಂದ್ರ, ಹೊಸ ಮೀಸೆ ನೀವಿಕೊಳ್ಳುತ್ತಾ.

"ಇವತ್ತಿಂದ ನಗ್ತಾನೆ," ಎಂದ ಸುನೀಲ್.

ಆ ನಗುವಿನ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿ ಜಿಲ್ಲೆಯ ತಾಲ್ಲೂಕುಗಳನ್ನೆಲ್ಲ ಸುತ್ತಿತು. ಮಾರುಕಟ್ಟೆಯಲ್ಲಿ, ನಮಾಜು ಮುಗಿಸಿ ಬರುವ ಹಾದಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಜನ ಅವರನ್ನು 'ಕಾಟಯ್ಯಣ್ಣ' ಎಂದೇ ಕರೆಯತೊಡಗಿದರು. ಆಗ ಖಲೀಮುಲ್ಲಾ ಅವರಿಗೆ, ಜಗತ್ತಿನಲ್ಲಿ ಯಾವ ಅಸೂಯಾಪರನಿಗೂ ಬಾರದ ಗತಿ ಬಂತು. ಅವರು ತಮ್ಮ ಮೇಲೇ ಹೊಟ್ಟೆಕಿಚ್ಚುಪಟ್ಟರು. ಮುಖ ತಮ್ಮದು, ನಗು ತಮ್ಮದು, ಅಷ್ಟು ವರ್ಷ ಕಾಪಾಡಿಕೊಂಡು ಬಂದ ಉರಿಯೂ ತಮ್ಮದು. ಹೆಸರು ಮಾತ್ರ ಕಾಟಯ್ಯನದು. ಬೆಳಗ್ಗೆ ಕನ್ನಡಿ ನೋಡಿ, "ಕಳ್ಳ ನನ್ಮಗನೆ," ಎಂದು ಬೈದದ್ದನ್ನು ರಹಮತುನ್ನೀಸಾ ಕೇಳಿಸಿಕೊಂಡರು.

ಕಾಟಯ್ಯ ಸಾಯುವ ದೃಶ್ಯದ ದಿನ ಅವರು ಹೊಲದ ಬದುವಿನ ಮೇಲೆ ಕೂತುಬಿಟ್ಟರು.

"ಹೀರೋ ಕೈಲಿ ಸಾಯಲ್ಲ."

"ಮತ್ತೆ ಯಾರ ಕೈಲಿ ಸಾಯ್ತೀರಾ?" ಸುನೀಲ್ ಅಳುವುದೊಂದು ಬಾಕಿ.

"ಹೀರೋ ಬಡೀಲಿ. ಕಾಟಯ್ಯ ಬೀಳ್ತಾನೆ, ಮತ್ತೆ ನಗ್ತಾ ಏಳ್ತಾನೆ. ಆಗ ಎಲ್ಲಿಂದಲೋ ಒಂದು ನೊಣ ಬರಬೇಕು. ಕಾಟಯ್ಯನ ನಗು ನಿಲ್ಲಬೇಕು. ಅಷ್ಟೇ ಸಾಕು."

"ಅದನ್ನ ತೋರ್ಸಿದ್ರೆ ಜನ ಎದ್ದು ಹೋಗ್ತಾರೆ ಖಲೀಮಣ್ಣ!"

"ತೋರ್ಸಬೇಡ. ಹೆಸರೂ ಹೇಳಬೇಡ. ಜೊಂಯ್ ಅನ್ಲಿ, ಸಾಕು."

ನರೇಂದ್ರ ಮಧ್ಯೆ ಬಾಯಿ ಹಾಕಿದ. "ನನ್ನ ಕಾಟಯ್ಯ ಯಃಕಶ್ಚಿತ್ ನೊಣಕ್ಕೆ ಸಾಯೋದಾ?" ಹೊತ್ತು ಇಳಿಯುತ್ತಿತ್ತು, ಸುನೀಲನಿಗೆ ಮರುದಿನ ಬೆಳಗಿನ ಪಾಳಿ ಇತ್ತು. ಅವನು ಒಪ್ಪಿಕೊಂಡ.

ಸಿನಿಮಾ ಚಿಂತಾಮಣಿಯ ಟಾಕೀಸಿಗೆ ಬಂದ ದಿನ ದಿಬ್ಬೂರಹಳ್ಳಿ ಕಡೆಯಿಂದಲೂ ಟೆಂಪೋಗಳಲ್ಲಿ ಜನ ಬಂದರು. ಮುಂದಿನ ಸಾಲಿನಲ್ಲಿ ಗೆಳೆಯರಿಬ್ಬರೂ ಅಕ್ಕಪಕ್ಕ. ಕಾಟಯ್ಯ ತೇಗಿದಾಗಲೆಲ್ಲ ಸಿಳ್ಳೆ. ನರೇಂದ್ರ ಪ್ರತಿ ಸಿಳ್ಳೆಗೂ ಕುರ್ಚಿಯಲ್ಲಿ ಒಂದಿಷ್ಟು ಎತ್ತರವಾಗುತ್ತಿದ್ದ, ಖಲೀಮುಲ್ಲಾ ಒಂದಿಷ್ಟು ಕುಸಿಯುತ್ತಿದ್ದರು.

ಕೊನೆಗೆ ಹೀರೋ ಬಡಿದ. ಕಾಟಯ್ಯ ಬಿದ್ದ, ನಗುತ್ತಾ ಎದ್ದ. ಟಾಕೀಸಿಗೆ ಟಾಕೀಸೇ ಅವನೊಂದಿಗೆ ನಗುತ್ತಿತ್ತು.

ಜೊಂಯ್.

ತೆರೆಯ ಮೇಲೆ ಕಾಟಯ್ಯನ ನಗು ನಿಂತಿತು. ಅದರೊಂದಿಗೆ ಬಾಲ್ಕನಿಯ ನಗು ನಿಂತಿತು, ನೆಲದ ಸಾಲುಗಳ ನಗು ನಿಂತಿತು. ಸಿಳ್ಳೆಯವರು ಬೆರಳು ಬಾಯಲ್ಲಿಟ್ಟುಕೊಂಡೇ ಕೂತರು. ಸದ್ದು ಎಡಗಡೆಯ ಸ್ಪೀಕರಿನಿಂದ ಬಲಗಡೆಗೆ ಹೋದಾಗ ಇಡೀ ಸಭೆಯ ತಲೆಗಳು ಎಡದಿಂದ ಬಲಕ್ಕೆ ತಿರುಗಿದವು. ಹಿಂದಿನಿಂದ ಒಬ್ಬ ಹೆಂಗಸು ನಡುಗುವ ದನಿಯಲ್ಲಿ ಕೂಗಿದಳು, "ಬಾಗ್ಲು ಹಾಕ್ರಪ್ಪಾ ಯಾರಾದ್ರೂ!" ಯಾರೋ ಓಡಿಹೋಗಿ ನಿಜವಾಗಿಯೂ ಬಾಗಿಲು ಹಾಕಿದರು.

ಖಲೀಮುಲ್ಲಾ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಬರೀ ಒಂದು ಸದ್ದು ಕಣೋ," ಎಂದು ಪಕ್ಕದಿಂದ ನರೇಂದ್ರ ಪಿಸುಗುಟ್ಟಿದ. "ಮುಖ ಇಲ್ಲ, ಮೀಸೆ ಇಲ್ಲ, ಒಂದು ಮಾತಿಲ್ಲ. ಅದಕ್ಕೆ ಹಿಂಗಾ? ನನ್ನ ಕಾಟಯ್ಯ ಇಡೀ ಸಿನಿಮಾ ಒದ್ದಾಡಿದಾನೆ!"

ಆ ದನಿಯೊಳಗಿನ ಕಾವು ಖಲೀಮುಲ್ಲಾ ಅವರಿಗೆ ಚೆನ್ನಾಗಿ ಪರಿಚಯವಿತ್ತು. ಅವರು ಕಡಲೆಕಾಯಿ ಪೊಟ್ಟಣವನ್ನು ಗೆಳೆಯನ ಕೈಗಿಟ್ಟು, ಬಹಳ ವಿನಯದಿಂದ ಹೇಳಿದರು:

"ನಿಂದೇ ನಿಜವಾದ ವಿಲನ್ ಕಣೋ ನರೇಂದ್ರ. ನಂದು ಬರೀ ನೊಣ."