ಗುಡ್ಡದ ಬಿರುಕಿಗೆ ಒಂದು ರೇಷ್ಮೆ ಎಳೆ

ಗಂಟು ಹಾಕುವ ಮೊದಲು ಗುರುಲಿಂಗವ್ವ ಎಳೆಯನ್ನು ತುಟಿಗೆ ತಾಗಿಸಿ ನೋಡುತ್ತಾರೆ. ಹಸಿ. ಅದನ್ನು ಬಿಸಾಡಿ ಸೊಂಟದ ಚೀಲದಿಂದ ಇನ್ನೊಂದು ತೆಗೆಯುತ್ತಾರೆ. ಬಂಡೆಯ ಮೇಲೆ ಬೋರಲು ಮಲಗಿ ಬಿರುಕಿನ ಈಚೆಯ ಮೊಳೆಗೆ ಒಂದು ತುದಿ, ಆಚೆಯ ಮೊಳೆಗೆ ಇನ್ನೊಂದು. ಉಗುರಿನಿಂದ ಮೀಟುತ್ತಾರೆ. ಬಿಗಿ ಸರಿಯಿದೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಕೆಳಗೆ ಹದಿನಾಲ್ಕು ಮನೆಗಳ ಓಣಿಯಲ್ಲಿ ಒಂದೂ ಒಲೆ ಹೊತ್ತಿಲ್ಲ, ಒಂದೂ ಮಗ್ಗ ಸದ್ದು ಮಾಡುತ್ತಿಲ್ಲ.

ಗುಳೇದಗುಡ್ಡದ ಅಂಚಿನ ಈ ಓಣಿಯ ಹಿತ್ತಲೇ ಗುಡ್ಡದ ಬುಡ. ರವಿಕೆಯ ಖಣ ನೇಯುವ ಮನೆತನದ ಗುರುಲಿಂಗವ್ವನಿಗೆ ಐವತ್ತೆಂಟು. ಒಂಬತ್ತು ವರ್ಷದಿಂದ ದಿನಕ್ಕೆರಡು ಸಲ ಗುಡ್ಡ ಹತ್ತುತ್ತಾರೆ. ಹನ್ನೊಂದು ಬಿರುಕು, ಹನ್ನೊಂದು ಎಳೆ. ಎಳೆ ಹರಿದರೆ ಗುಡ್ಡ ಸರಿದಿದೆ ಎಂದರ್ಥ. ಆಗ ಹಿತ್ತಾಳೆಯ ತಾಟು ಬಡಿಯುತ್ತಾರೆ, ಓಣಿ ಖಾಲಿಯಾಗುತ್ತದೆ. ಇದಕ್ಕೆ ನೇಮಕವಿಲ್ಲ, ಪಗಾರವಿಲ್ಲ. ಕಳೆದ ಮಂಗಳವಾರ ಎರಡು ಎಳೆ ಹರಿದವು. ಅಂದಿನಿಂದ ಹದಿನಾಲ್ಕೂ ಕುಟುಂಬಗಳು ಸಮುದಾಯ ಭವನದಲ್ಲಿವೆ.

“ಕಲ್ಲು ತಾನಾಗಿ ಬೀಳೂದಿಲ್ಲರಿ,” ಎನ್ನುತ್ತಾರೆ. “ಅದರ ಬುಡಕಿನ ಮಣ್ಣು ಮದ್ಲ ಹೊಂಡತೈತಿ. ಕಲ್ಲು ಅದರ ಮ್ಯಾಲ ಕುಂತು ಹೊಂಟಿರತೈತಿ. ನಮಗ ಕಾಣೂದಿಲ್ಲ, ಅಷ್ಟ.”

ಕಾಣದೆ ಹೋದದ್ದು ಅವರ ಮನೆಯಲ್ಲೇ. ಒಂಬತ್ತು ವರ್ಷದ ಹಿಂದಿನ ಮಳೆಗಾಲ. ಹಿತ್ತಲ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಕಟ್ಟಿಗೆ ನೀರು ಕುಡಿದು ಉಬ್ಬಿದೆ ಎಂದುಕೊಂಡು ಬಡಿಗೇರನನ್ನು ಕರೆಸಿ ಕೆತ್ತಿಸಿದರು. ವಾರದೊಳಗೆ ಮತ್ತೆ ಸಿಕ್ಕಿಕೊಂಡಿತು, ಮತ್ತೆ ಕೆತ್ತಿಸಿದರು. ಬಾಗಿಲು ಉಬ್ಬಿರಲಿಲ್ಲ. ಜಾರುತ್ತಿದ್ದ ಮಣ್ಣು ಗೋಡೆಯನ್ನು ಒತ್ತಿ ಚೌಕಟ್ಟನ್ನು ವಾಲಿಸಿತ್ತು. ಮೂರನೆಯ ವಾರ ಎತ್ತಿನ ಗಾತ್ರದ ಕಲ್ಲೊಂದು ಗೋಡೆ ಒಡೆದು ಮಗ್ಗದ ಮೇಲೆ ಬಂದು ಕೂತಿತು. ಗಂಡ ಹೊಳಬಸಪ್ಪ ಆ ಹೊತ್ತಿಗೆ ಮಗ್ಗದಡಿ ಕಾಲು ಇಳಿಬಿಡುವ ಕುಣಿಯೊಳಗೆ ಬಗ್ಗಿ ಹರಿದ ಹಗ್ಗ ಬಿಗಿಯುತ್ತಿದ್ದರು. ಬದುಕಿದರು. ಬಲಗೈ ಮಾತ್ರ ಇಂದಿಗೂ ಭುಜದಿಂದ ಮೇಲೆ ಏಳುವುದಿಲ್ಲ.

ಮರುವಾರವೇ ಗುರುಲಿಂಗವ್ವ ಗುಡ್ಡ ಹತ್ತಿದರು. ಮೊದಲು ಕಟ್ಟಿದ್ದು ಗಂಜಿ ಹಾಕಿದ ಹತ್ತಿಯ ಎಳೆ, ಮಗ್ಗಕ್ಕೆ ಕಟ್ಟುವಂಥದ್ದೇ. ನಾಲ್ಕನೆಯ ದಿನ ಮೂರು ಎಳೆ ಹರಿದಿದ್ದವು. ತಾಟು ಬಡಿದರು. ಜನ ಮಲಗುವ ಹೊರಸು, ಕೂಸು, ಕೋಳಿ ಸಮೇತ ಓಡಿದರು. ಕಲ್ಲು ಬರಲಿಲ್ಲ. ಹೋಗಿ ನೋಡಿದರೆ ಗಂಜಿಯ ಆಸೆಗೆ ಇರುವೆ ಮುತ್ತಿ ಎಳೆ ಕಡಿದಿದ್ದವು. ಪಕ್ಕದ ಮನೆಯ ನಾಗರತ್ನಾ ಅದನ್ನು ಇನ್ನೂ ಬಿಟ್ಟಿಲ್ಲ. ತಾಟು ಕೇಳಿದಾಗಲೆಲ್ಲ ಮೊದಲ ಪ್ರಶ್ನೆ ಅದೇ: “ಕಲ್ಲು ಬಂತೋ, ನಿಮ್ಮ ಇರುವಿ ಬಂದ್ವೋ?” ಕೇಳುತ್ತಲೇ ಕೂಸನ್ನು ಎತ್ತಿಕೊಂಡು ಓಡುತ್ತಾರೆ.

ಅಂದಿನಿಂದ ರೇಷ್ಮೆ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸು ನೇಯ್ದು ಮುಗಿದಾಗ ಉಳಿಯುವ ತುದಿಗಳು. ರೇಷ್ಮೆಗೆ ಗಂಜಿ ಬೇಡ, ಆದರೆ ಹಸಿಯಾದರೆ ಜೋಲುತ್ತದೆ. ಅದಕ್ಕೇ ತುಟಿಯ ಪರೀಕ್ಷೆ. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಶೈಲಶ್ರೀ ಎರಡು ವರ್ಷದ ಹಿಂದೆ ಬಂದು ನೋಡಿ, ಬಿರುಕುಗಳ ಎರಡೂ ದಡಕ್ಕೆ ಸಿಮೆಂಟಿನಲ್ಲಿ ಮೊಳೆ ಕೂರಿಸಿಕೊಟ್ಟರು. ಬಂಡೆಯಡಿಯ ಜೇಡಿಮಣ್ಣು ನೀರು ತುಂಬಿಕೊಂಡಾಗ ಹಿಡಿತ ಬಿಡುತ್ತದೆ, ಮಳೆ ನಿಂತ ಎಷ್ಟೋ ದಿನದ ಮೇಲೂ ಜಾರಬಹುದು ಎಂದು ಅವರ ಎಚ್ಚರಿಕೆ. ಎಳೆ ಕಟ್ಟಿ ನೋಡುವ ಕ್ರಮವನ್ನು ಅವರು ಬದಲಿಸಲಿಲ್ಲ.

ಈಗಿನ ಭಯ ಏಳನೆಯ ಬಿರುಕಿನದು. ಬೇಸಿಗೆಯಲ್ಲಿ ಅದರೊಳಗೆ ಒಂದು ಬೆರಳು ಹೋಗುತ್ತಿತ್ತು. ಇಂದು ಗುರುಲಿಂಗವ್ವನ ಮುಷ್ಟಿ ಹೋಗುತ್ತದೆ. ಬುಡದ ಒರತೆಯಲ್ಲಿ ನೀರು ಕೆಂಪಗಿದೆ, ಒಳಗಿನ ಮಣ್ಣು ಹೊರಡುತ್ತಿದೆ.

ಇಳಿದು ಬರುವಷ್ಟರಲ್ಲಿ ಓಣಿಯ ಬಾಯಲ್ಲಿ ಅಂದಪ್ಪ ಕಾಯುತ್ತಿದ್ದಾರೆ. ಓಣಿಗೆಲ್ಲ ನೂಲು ಕೊಟ್ಟು ಖಣ ಒಯ್ಯುವವರು. ಮಂಗಳವಾರ ಮುದುಕರನ್ನೂ ಹೊರಸುಗಳನ್ನೂ ತಮ್ಮ ಟೆಂಪೋದಲ್ಲೇ ಸಾಗಿಸಿದವರು. ದೀಪಾವಳಿ ಹತ್ತಿರ ಬಂತು, ಅರ್ಧ ನೇಯ್ದ ಹಾಸುಗಳು ಮಗ್ಗದ ಮೇಲೇ ಕೆಡುತ್ತಿವೆ ಎನ್ನುತ್ತಾರೆ. ಭವನದಲ್ಲಿರುವವರಿಗೂ ಅದೇ ಚಿಂತೆ. ಗುರುಲಿಂಗವ್ವ ಹೂಂ ಅಂದರೆ ಹಗಲಿನಲ್ಲಾದರೂ ಮಗ್ಗಕ್ಕೆ ಇಳಿಯಲು ಎಲ್ಲರೂ ತಯಾರು.

“ಮೂರು ದಿನಾ ಆತು, ಹನಿ ಮಳಿ ಇಲ್ಲಕ್ಕಾ.”

“ಮ್ಯಾಲಿನ ಮಳಿ ನಿಂತೈತ್ರಿ, ಸಾವ್ಕಾರ್ರ. ಒಳಗಿನ ನೀರು ಈಗ ಇಳ್ಯಾಕ ಹತ್ತೈತಿ.”

ಅಂದಪ್ಪ ದನಿ ತಗ್ಗಿಸುತ್ತಾರೆ. “ಎಳಿ ಒಂದೀಟು ಸಡ್ಲ ಕಟ್ಟು. ಎರಡು ಬೆರಳು ಸಾಕು. ಸಣ್ಣದಕ್ಕೆಲ್ಲಾ ಹರಕೊಂಡ್ರ ಮಂದಿ ದುಡ್ಯೂದು ಯಾವಾಗ?”

ಕಿಸೆಯಿಂದ ಕೀಲಿಕೈ ತೆಗೆದು ಚಾಚುತ್ತಾರೆ. ಬಸ್ ನಿಲ್ದಾಣದ ಆಚೆ ಅವರದೊಂದು ಮನೆ ಖಾಲಿಯಿದೆ. ಎರಡು ಕೋಣೆ. ಹೊಳಬಸಪ್ಪನ ಕೈಗೆ ಹಗುರಾದ ಮಗ್ಗವೂ ಇದೆ. ಇಂದೇ ಹೋಗಿ ಇರಬಹುದು.

ಉಳಿದ ಹದಿಮೂರು ಮನೆಯವರು ಎಲ್ಲಿರಬೇಕೆಂದು ಗುರುಲಿಂಗವ್ವ ಕೇಳುತ್ತಾರೆ. ಅದನ್ನು ಹಬ್ಬ ಕಳೆದ ಮೇಲೆ ನೋಡೋಣ ಎನ್ನುತ್ತಾರೆ ಅಂದಪ್ಪ. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಿಲ್ಲ.

“ಸಡ್ಲ ಕಟ್ಟೂದಿಲ್ಲರಿ,” ಎನ್ನುತ್ತಾರೆ ಗುರುಲಿಂಗವ್ವ. “ಮನೀನೂ ಒಲ್ಲೆ.”