ಥರ್ಮೋಕೋಲ್ ಮುಟ್ಟದ ಪುಟ್ಟತಾಯಮ್ಮ

ಪುಟ್ಟತಾಯಮ್ಮನವರ ಹುಳುಮನೆಯ ಒಳಗೆ ಹೋಗಬೇಕಾದರೆ ಮೊದಲು ಬಾಗಿಲಲ್ಲಿ ನಿಂತು ಅವರ ಮೂಗಿಗೆ ಒಪ್ಪಿಗೆಯಾಗಬೇಕಿತ್ತು. ರೇಷ್ಮೆಹುಳುವಿಗೆ ಹೊಗೆ, ಘಾಟು, ಅತ್ತರು ಯಾವುದೂ ಆಗದು. ಹಾಗಾಗಿ ಬಂದವರು ಯಾರೇ ಆಗಲಿ, ಅವರ ಹೆಗಲ ಹತ್ತಿರ ಮುಖ ತಂದು ಒಮ್ಮೆ ಉಸಿರೆಳೆದುಕೊಂಡೇ ಒಳಗೆ ಬಿಡುತ್ತಿದ್ದರು. ನಶ್ಯದವರು, ಬೀಡಿಯವರು ಅಲ್ಲಿಂದಲೇ ವಾಪಸ್ಸು. ದೇವರಮನೆಯಿಂದ ನೇರವಾಗಿ ಹೋದ ದಿನ ನನ್ನನ್ನೂ ತಡೆದರು.

"ಊದುಗಡ್ಡಿ ಹಚ್ಚಿ ಬಂದಿದ್ದೀಯ. ಸೀರೆ ಬದ್ಲಾಯಿಸ್ಕಂಡು ಬಾ."

"ಪೂಜೆ ಮಾಡಿ ಬಂದೆ ಕಣಕ್ಕ. ಅದುಕ್ಕೂ ದೋಷವಾ?"

"ದೇವ್ರುಗೆ ದೋಷ ಇಲ್ಲ ಕಣಮ್ಮಿ. ಆದ್ರೆ ಹುಳ ಯಾವತ್ತೂ ದೇವಸ್ಥಾನಕ್ಕೆ ಹೋಗಿಲ್ಲ. ಅದುಕ್ಕೇನು ಗೊತ್ತಾಯ್ತದೆ?"

ಅಕ್ಕೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಹಿತ್ತಲ ಗೋಡೆಯೊಂದೇ ಅಡ್ಡ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಕನಕಪುರಕ್ಕೆ ಕೊಟ್ಟಿದ್ದರು. ಒಂದಿಷ್ಟು ಹಿಪ್ಪುನೇರಳೆ ತೋಟ, ಅದಕ್ಕೆ ತಕ್ಕಷ್ಟು ಹುಳು. ಒಂದು ಬೆಳೆಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ಬೆಳಗಿನ ಬಸ್ಸಿಗೆ ಚನ್ನಪಟ್ಟಣಕ್ಕೆ ಹೋಗಿ, ಮರದ ಆಟಿಕೆ ಮಾಡುವ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದರು. ಹುಳು ಕೈಕೊಟ್ಟ ಸಲವೆಲ್ಲ ಅವರ ಒಲೆ ಉರಿದದ್ದು ಆ ಕೆಲಸದಿಂದಲೇ. ಮಗಳ ಮನೆಗೆ ಹೋಗಿ ಕೈಚಾಚದೆ ಬದುಕಿದ್ದೂ ಅದರಿಂದಲೇ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ರಾಮನಗರದಿಂದ ಥರ್ಮೋಕೋಲ್ ಮಂಟಪ ತಂದಿದ್ದೆ. ನಾಲ್ಕು ಕಂಬ, ಗೋಪುರ, ಮೇಲೆ ಚಿನ್ನದ ಬಣ್ಣ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಹೊಗಳಿದರು. ಹಬ್ಬ ಮುಗಿದ ಮೇಲೆ ಅದನ್ನೇನು ಮಾಡುವುದು? ತಾಯಿ ಕೂತೆದ್ದ ಜಾಗ, ತಿಪ್ಪೆಗೆ ಹಾಕಲು ಮನಸ್ಸು ಬರಲಿಲ್ಲ. ಕೆರೆಗೆ ಬಿಟ್ಟರೆ ಮುಳುಗುವುದಿಲ್ಲ. ಅಗ್ನಿಗೆ ಒಪ್ಪಿಸಿದರೆ ಅಪಚಾರವಾಗದು ಎಂದುಕೊಂಡು, ಹಿತ್ತಲಲ್ಲಿ ಕೈಮುಗಿದು, ಮೇಲೊಂದು ಕರ್ಪೂರವಿಟ್ಟು ಹಚ್ಚಿದೆ. ಕಪ್ಪು ಹೊಗೆ ಎದ್ದು, ಗೋಡೆ ದಾಟಿ, ಅವರ ಹುಳುಮನೆಯ ಕಿಟಕಿಯೊಳಗೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡು ಸ್ತೋತ್ರ ಹೇಳುತ್ತಿದ್ದೆ.

ನಾಲ್ಕನೇ ಸಲ ಪೊರೆ ಬಿಟ್ಟು, ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಿದ್ದ ಹುಳುಗಳು. ಸಂಜೆ ಪುಟ್ಟತಾಯಮ್ಮ ಒಂದು ಬಿದಿರು ತಟ್ಟೆಯನ್ನು ಹೊತ್ತು ತಂದು ನಮ್ಮ ಹೊಸ್ತಿಲ ಮುಂದೆ ಇಟ್ಟರು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಹಸಿರು ನೀರು ಕಾರುತ್ತಿದ್ದವು.

"ನೋಡು," ಅಂದರು. ನೋಡಿದೆ. "ಇನ್ನೂ ಒಸಿ ನೋಡು."

"ಗೊತ್ತಾಗ್ಲಿಲ್ಲ ಕಣಕ್ಕ. ತಾಯಿ ಕೂತಿದ್ದ ಮಂಟಪ ಅಂತ ಸುಟ್ಟೆ."

"ಸುಟ್ಟಿದ್ದುನ್ನ ಕೇಳ್ತಿಲ್ಲ. ಸುಡಂಗಿಲ್ಲ, ಹೂಳಂಗಿಲ್ಲ, ನೀರಿಗೆ ಬುಡಂಗಿಲ್ಲ, ಅಂಥಾದ್ದುನ್ನ ತಂದು ತಾಯಿ ಕೂರ್ಸಿದ್ಯಲ್ಲ, ಅದುನ್ನ ಕೇಳ್ತಿದ್ದೀನಿ."

ಕಿಟಕಿಯಿಂದ ದೂರವಿದ್ದ ತಟ್ಟೆಗಳ ಹುಳು ಉಳಿದವು. ಅಷ್ಟಾದರೂ ಕಾಪಾಡಿದೆಯಲ್ಲ ತಾಯಿ ಎಂದು ನಾನು ತುಪ್ಪದ ದೀಪ ಹಚ್ಚಿದೆ. ಅವರು ಯಾವ ದೀಪವನ್ನೂ ಹಚ್ಚಲಿಲ್ಲ. ಸತ್ತವನ್ನು ಗುಂಡಿ ತೋಡಿ ಮುಚ್ಚಿದರು. ಉಳಿದವು ಗೂಡು ಕಟ್ಟಿದ ಮೇಲೆ ಮತ್ತೆ ಬಸ್ಸು ಹತ್ತಿದರು.

ಕಾರ್ಖಾನೆಯಲ್ಲಿ ಆಟಿಕೆ ಕಟ್ಟುತ್ತಿದ್ದದ್ದೂ ಥರ್ಮೋಕೋಲಿನಲ್ಲೇ. ಅದುವರೆಗೆ ದಿನವಿಡೀ ಅದನ್ನು ಕತ್ತರಿಸಿದವರು ಅವರೇ. ಆ ದಿನ ಮಾತ್ರ ಹಾಳೆಯನ್ನು ಕೈಗೆ ತೆಗೆದುಕೊಳ್ಳದೆ ಸುಮ್ಮನೆ ಕೂತರಂತೆ. ಇದನ್ನು ನನಗೆ ಹೇಳಿದವಳು ಅವರ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದ ಮಂಗಳ.

"ಯಾಕಮ್ಮ ಕೂತ್ಬುಟ್ಟೆ?" ಎಂದರು ಯಜಮಾನರು.

"ಇದುನ್ನ ಇನ್ಮೇಲೆ ನಾನು ಮುಟ್ಟಾಕಿಲ್ಲ ಸ್ವಾಮಿ. ಬ್ಯಾರೆ ಕೊಡಿ."

"ಬ್ಯಾರೆ ಏನ್ ಕೊಡ್ಲಿ? ಹತ್ತಿ ಹಾಸ್ಗೆ ಹೊಲಿಸ್ಕೊಡ್ಲಾ?"

"ನಿಮ್ ಲೇತಿನ ಕೆಳಗೆ ಮಂಡಿಮಟ ಬಿದ್ದೈತಲ್ಲ, ಅದೇ ಸಾಕು. ಒಂದು ಪೆಟ್ಟಿಗೆ ಕಟ್ತೀನಿ. ಸಾಮಾನು ಒಡುದ್ರೆ ನಾಳಿಂದ ಬರಾಕಿಲ್ಲ."

ಲೇತಿನಲ್ಲಿ ಮರ ಕಡೆಯುವಾಗ ರಿಬ್ಬನ್ನಿನ ಹಾಗೆ ಉದುರುವ ತೆಳು ಸುರುಳಿಗಳ ಮಾತು ಅದು. ಅವನ್ನು ಒಲೆಗೆ ಹಾಕುವುದು ವಾಡಿಕೆ. ಪುಟ್ಟತಾಯಮ್ಮ ಅವನ್ನೇ ತುಂಬಿ ಪೆಟ್ಟಿಗೆ ಕಟ್ಟಿ ಮೈಸೂರಿನ ಅಂಗಡಿಗೆ ಕಳಿಸಿದರು. ಎಂಟನೇ ದಿನಕ್ಕೆ ಪೆಟ್ಟಿಗೆ ವಾಪಸ್ಸು ಬಂತು. ಒಂದೂ ಒಡೆದಿರಲಿಲ್ಲ. ಆದರೆ ಆಟಿಕೆಗಳ ಮೇಲಿನ ಅರಗಿನ ಬಣ್ಣವೆಲ್ಲ ಬೆಳ್ಳಗೆ ಮಸುಕಾಗಿತ್ತು. ಮಳೆಗಾಲದ ಸುರುಳಿ, ಹಸಿ ಆರಿರಲಿಲ್ಲ. ಅರಗಿಗೆ ತೇವ ಆಗದು. ಹುಳುವಿನ ಮೈಯ ಗುಣವನ್ನೆಲ್ಲ ಬಲ್ಲವರು ಅರಗಿನ ಗುಣವನ್ನು ಮರೆತಿದ್ದರು.

"ನಾಳಿಂದ ಬರ್ಬೇಡ," ಎಂದರು ಯಜಮಾನರು.

"ಒಡುದ್ರೆ ಬರಲ್ಲ ಅಂತ ತಾನೆ ಅಂದಿದ್ದು? ಒಡ್ದೈತಾ?"

"ಬಣ್ಣ ಹೋಗೈತಲ್ಲಮ್ಮ."

"ಬಣ್ಣದ ತಪ್ಪು ನಂದು. ಒಪ್ಕಂಡೆ. ಹತ್ತು ದಿನ ಕೊಡಿ."

ಆ ಹತ್ತು ದಿನ ನಮ್ಮ ತಾರಸಿಯೇ ಅವರ ಕಣ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಖಾಲಿ ಇದ್ದವು. ಕಾರ್ಖಾನೆಯಿಂದ ತಂದ ಸುರುಳಿಯನ್ನು ಅವುಗಳ ಮೇಲೆ ಹರಡಿ ಬಿಸಿಲಿಗಿಟ್ಟೆವು. ಹನಿ ಬಿದ್ದರೆ ಒಲೆ ಮೇಲಿನ ಸಾರು ಬಿಟ್ಟು ನಾನು ಮೇಲೆ ಓಡುತ್ತಿದ್ದೆ. ಮೋಡದ ನಡುವೆ ಎರಡು ಗಂಟೆ ಬಿಸಿಲು ಬಂದರೂ ದೇವರು ದೊಡ್ಡವನು ಎನ್ನುತ್ತಿದ್ದೆ. ಅವರು ಮಾತ್ರ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಹಿಸುಕಿ, "ಇನ್ನೂ ಮಾತಾಡ್ತಿಲ್ಲ, ಬುಡು," ಎಂದು ಮತ್ತೆ ಹರಡುತ್ತಿದ್ದರು. ಒಂಬತ್ತನೇ ದಿನ ಹಿಸುಕಿದಾಗ ಒಣ ಎಲೆಯಂತೆ ಚರಚರ ಎಂದಿತು.

ಮಾರನೆಯ ದಿನ ಮೂಟೆ ಹೊತ್ತು ನಾನೂ ಜೊತೆಗೆ ಹೋದೆ. ಪುಟ್ಟತಾಯಮ್ಮ ಪೆಟ್ಟಿಗೆ ಕಟ್ಟಿದರು. ಆಮೇಲೆ ಯಾರನ್ನೂ ಕೇಳದೆ ಅದನ್ನು ಮಹಡಿಗೆ ಹೊತ್ತುಕೊಂಡು ಹೋಗಿ, ಅಂಗಳದಲ್ಲಿ ನಿಂತಿದ್ದ ಯಜಮಾನರ ಮುಂದಕ್ಕೆ ಎಸೆದರು. ಬಿಚ್ಚಿ ನೋಡಿದರೆ ಕುದುರೆ, ಬುಗುರಿ, ಗೊಂಬೆ ಎಲ್ಲ ನೆಟ್ಟಗಿದ್ದವು. ಒಂದು ಗಿಲಕಿಯ ಹಿಡಿ ಮಾತ್ರ ಮುರಿದಿತ್ತು.

"ನೋಡಿದ್ಯಾ?" ಎಂದರು ಯಜಮಾನರು.

"ನಿಮ್ದೂ ಒಂದು ಎಸೀರಿ. ನೋಡೇ ಬುಡಾನ."

ಥರ್ಮೋಕೋಲಿನ ಪೆಟ್ಟಿಗೆಯೂ ಮಹಡಿಯಿಂದ ಬಿತ್ತು. ಬಿಳಿ ಕಾಳು ಅಂಗಳವೆಲ್ಲ ಹಾರಿತು. ಅದರಲ್ಲೂ ಗಿಲಕಿಯ ಹಿಡಿಯೇ ಮುರಿದಿತ್ತು.

"ಇಷ್ಟು ಸಣ್ಣಕ್ಕೆ ಹಿಡಿ ಕಡ್ದೋರ್ಯಾರು?" ಎಂದು ಪುಟ್ಟತಾಯಮ್ಮ ಮೇಲಿನಿಂದಲೇ ಕೇಳಿದರು. ಎಲ್ಲರ ಕಣ್ಣೂ ಲೇತಿನವರ ಕಡೆ ಹೋಯಿತು.

"ನನ್ನೇನ್ ನೋಡ್ತೀರ?" ಎಂದರು ಆತ. "ಮರ ಉಳ್ಸು ಮರ ಉಳ್ಸು ಅಂತ ಬಡ್ಕೊಂಡೋರುನ್ನ ನೋಡಿ."

ಬಡಿದುಕೊಂಡವರು ಯಜಮಾನರೇ. ಅವರು ಏನೋ ಹೇಳಲು ಹೋಗಿ ನಕ್ಕುಬಿಟ್ಟರು. ಆಮೇಲೆ ಅಲ್ಲಿಂದ ಹೊರಟ ಪೆಟ್ಟಿಗೆಗಳಲ್ಲಿ ಸುರುಳಿಯೇ ಇರುತ್ತಿತ್ತು. ಮಿಕ್ಕಿದ್ದ ಹಾಳೆಗಳನ್ನೂ ಪುಟ್ಟತಾಯಮ್ಮ ಸುಡಲು ಬಿಡಲಿಲ್ಲ. ಚೀಲಕ್ಕೆ ತುಂಬಿಸಿ, ಹಾರೋಹಳ್ಳಿಯಲ್ಲಿ ಅದನ್ನು ಕರಗಿಸಿ ಗಟ್ಟಿ ಮಾಡುವವರಿಗೆ ಟೆಂಪೋದಲ್ಲಿ ಕಳಿಸಿದರು. ಸಾಗಿಸುವವರು ತೂಕವೇ ಇಲ್ಲ ಎಂದು ಗೊಣಗಿದಾಗ, "ತೂಕ ನಮ್ ತಲೆ ಮೇಲೈತೆ, ಹೊರಡಿ," ಎಂದರಂತೆ.

ಈ ವರ್ಷ ಪುಟ್ಟತಾಯಮ್ಮನವರಿಗೆ ಮಂಡಿನೋವು ಹೆಚ್ಚಾಗಿ ನಡೆಯಲೇ ಆಗದಂತಾಯಿತು. ಮಗಳು ಬಂದು ಕರೆದುಕೊಂಡು ಹೋದಳು. ಕಾರಿನಲ್ಲಿ ಕೂತವರನ್ನು, "ಅಲ್ಲೇನ್ ಮಾಡ್ತೀರಕ್ಕ?" ಎಂದು ಕೇಳಿದೆ.

"ಮೂರೊತ್ತು ಉಣ್ತೀನಿ, ಮಗಳನ್ನ ಬಯ್ತೀನಿ. ಇನ್ನೇನೈತೆ?"

ಅದೇ ಕೊನೆಯ ಮಾತು. ಎರಡು ತಿಂಗಳಿಗೆ ನಿದ್ದೆಯಲ್ಲೇ ಹೋದರು. ನರಳದೆ ಹೋದರು, ಅದೂ ದೇವರ ದಯೆಯೇ. ಆದರೂ ಆ ದಯೆಗೆ ಈ ಸಲ ನನಗೆ ಕೈಮುಗಿಯಲಾಗಲಿಲ್ಲ.

ತಿಥಿ ಮುಗಿದ ವಾರವೇ ಮಂಗಳ ಫೋನ್ ಮಾಡಿದಳು. ಕಾರ್ಖಾನೆಗೆ ಥರ್ಮೋಕೋಲ್ ಹಾಳೆ ಮತ್ತೆ ಬಂದಿತ್ತು. ನಾನು ಅವಳ ಕೈಯಲ್ಲೇ ಸುರುಳಿ ತರಿಸಿಕೊಂಡು, ನಾಲ್ಕು ದಿನ ತಾರಸಿಯಲ್ಲಿ ಒಣಗಿಸಿ, ದೇವರಿಗೆ ದೀಪ ಹಚ್ಚಿಟ್ಟು, ಮೂಟೆಯೊಂದಿಗೆ ಬಸ್ಸು ಹತ್ತಿದೆ. ಮದುವೆಯಾದ ಮೇಲೆ ಇನ್ನೊಬ್ಬರಲ್ಲಿ ಕೆಲಸಕ್ಕೆಂದು ನಾನು ಹೊಸ್ತಿಲು ದಾಟಿದ್ದು ಅದೇ ಮೊದಲು.

"ಆಯಮ್ಮ ಹೋಗಾಯ್ತಲ್ಲ," ಎಂದರು ಯಜಮಾನರು. "ಇನ್ನೂ ಯಾತಕ್ಕೆ ಹಟ?"

"ಹೋಗಿದ್ದು ಅವ್ರೊಬ್ರೇ ಸ್ವಾಮಿ. ನಾವು ಇಲ್ಲೇ ಇದ್ದೀವಿ."

ಮಂಗಳ ತನ್ನ ಮುಂದಿದ್ದ ಹಾಳೆಯನ್ನು ಎತ್ತಿ ಅವರ ಮೇಜಿನ ಮೇಲಿಟ್ಟು ಬಂದಳು. ಆಮೇಲೆ ಪ್ಯಾಕಿಂಗಿನ ಉಳಿದ ನಾಲ್ವರೂ ತಂತಮ್ಮ ಹಾಳೆ ಇಟ್ಟು ಬಂದರು. ಯಜಮಾನರು ಆ ರಾಶಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಹೊರಗೆ ಹೋದರು. ನಾನು ಸೆರಗು ಸಿಕ್ಕಿಸಿ ಮೊದಲ ಪೆಟ್ಟಿಗೆಯನ್ನು ಎಳೆದುಕೊಂಡೆ. ಪುಟ್ಟತಾಯಮ್ಮ ಎರಡು ಹಿಡಿ ಸುರುಳಿಯಲ್ಲಿ ತುಂಬಿ ಮುಗಿಸುತ್ತಿದ್ದ ಮೂಲೆಗೆ ನನಗೆ ಐದು ಹಿಡಿ ಬೇಕಾಯಿತು.