ಹದಿನಾಲ್ಕಕ್ಕೇ ಹಂಚಿದ ಸಕ್ಕರೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನನ್ನ ಸಂತೋಷವೂ ಅಲ್ಲೇ ಇರುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಎರಡನ್ನೂ ತಡೆದುಕೊಂಡು ನನಗೆ ರೂಢಿಯಿಲ್ಲ. ಅಂಥ ಅವಸರದ ಸಂತೋಷವೊಂದು ನನ್ನ ಮಗಳ ಎರಡೂವರೆ ವರ್ಷ ತಿಂದುಹಾಕಿತು.

ನಾವಿರುವುದು ಕತಾರಿನ ಅಲ್ ಖೋರ್‌ನಲ್ಲಿ. ಗಂಡನಿಗೆ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಬೆಳಗಿನ ಐದಕ್ಕೆಲ್ಲ ಕಂಪನಿ ಬಸ್ಸು. ಆಗ ವಿಶ್ವಕಪ್ಪಿಗೆಂದು ಊರಾಚೆ ದೊಡ್ಡ ಡೇರೆಯಂಥ ಸ್ಟೇಡಿಯಂ ಏಳುತ್ತಿತ್ತು. ಮಗಳನ್ನು ಶಾಲೆಯಿಂದ ಕರೆತರುವಾಗ ದಿನವೂ ಅದರ ಕ್ರೇನುಗಳು ಕಾಣುತ್ತಿದ್ದವು. ಊರಿಗೆ ಊರೇ ಫುಟ್‌ಬಾಲ್ ಎನ್ನುತ್ತಿದ್ದರೆ ನಮ್ಮ ಮನೆಯಲ್ಲಿ ಮಾತ್ರ ಹಾಕಿ.

ಹಾಕಿ ಮನೆಗೆ ಬಂದದ್ದು ನನ್ನಿಂದ. ನಾನು ಗದಗಿನ ಬೆಟಗೇರಿಯವಳು. ನಮ್ಮೂರ ಹುಡುಗಿಯರಿಗೆ ಹಾಕಿ ಸ್ಟಿಕ್ಕು ಹೊಸದೇನಲ್ಲ. ಪಿಯುಸಿ ಮುಗಿಯುವ ಹೊತ್ತಿಗೆ ನನ್ನ ಹೆಸರು ಜಿಲ್ಲಾ ತಂಡದಲ್ಲಿತ್ತು. ಅದೇ ಬೇಸಿಗೆಯಲ್ಲಿ ನಮ್ಮ ಮನೆಯಿಂದ ಓಣಿಗೆಲ್ಲ ಸಕ್ಕರೆ ಹೋಯಿತು. ನಮ್ಮ ಮನೆತನದಲ್ಲಿ ಹುಡುಗಿಗೆ ಸಂಬಂಧ ಗಟ್ಟಿಯಾದರೆ ಸಕ್ಕರೆ ಹಂಚುತ್ತಾರೆ. ಸಕ್ಕರೆ ಜನರ ಬಾಯಿಗೆ ಬಿದ್ದ ಮೇಲೆ ಮಾತು ಹಿಂದೆ ಸರಿಯುವಂತಿಲ್ಲ. ನನ್ನ ಗಂಡ ಬಂಗಾರದಂಥ ಮನುಷ್ಯ, ಅದು ಬೇರೆ ಮಾತು. ಸ್ಟಿಕ್ಕು ಮಾತ್ರ ತವರಿನಲ್ಲೇ ಉಳಿಯಿತು.

ಮಗಳು ಎಂಟು ವರ್ಷದವಳಿದ್ದಾಗ ನಾನೇ ಅವಳ ಕೈಗೆ ಸ್ಟಿಕ್ಕು ಕೊಟ್ಟೆ. ಚೆನ್ನಾಗಿ ಆಡಿದಳು. ಸುಳ್ಳು ಯಾಕೆ ಹೇಳಲಿ, ನನಗಿಂತ ಚೆನ್ನಾಗಿ ಆಡಿದಳು. ಅವಳು ಹದಿನಾಲ್ಕು ತುಂಬಿ ಒಂಬತ್ತನೆಯ ತರಗತಿಯಲ್ಲಿದ್ದಾಗ, ಐರ್ಲೆಂಡಿನಿಂದ ಬಂದಿದ್ದ ಶಾಲೆಯ ಹಾಕಿ ಟೀಚರು ಅವಳ ಆಟದ ವಿಡಿಯೊವನ್ನು ಅಮೆರಿಕದ ಒಂದು ಕಾಲೇಜಿಗೆ ಕಳಿಸಿದರು. ಅಲ್ಲಿನ ಕಾಲೇಜುಗಳು ಇಷ್ಟು ಸಣ್ಣ ಮಕ್ಕಳನ್ನೇ ನೋಡಿ ತಮ್ಮ ತಂಡಕ್ಕೆ ಗೊತ್ತು ಮಾಡಿ ಇಟ್ಟುಕೊಳ್ಳುತ್ತವೆ ಎಂದು ನನಗೆ ಗೊತ್ತಾದದ್ದೇ ಆಗ. ಕಾಗದವಿಲ್ಲ, ಸಹಿಯಿಲ್ಲ. ಹನ್ನೆರಡನೆಯದು ಮುಗಿದ ಮೇಲೆ ನಿಮ್ಮ ತಂಡಕ್ಕೇ ಬರುತ್ತೇನೆ ಎಂಬ ಬಾಯಿಮಾತು, ಅಷ್ಟೇ.

ಒಂದು ಶುಕ್ರವಾರ ಸಂಜೆ ಆ ಕಾಲೇಜಿನ ಕೋಚು ವಿಡಿಯೊ ಕಾಲ್ ಮಾಡಿದರು. ನಗುಮುಖದ ಹೆಂಗಸು. ನಾಲ್ಕು ವರ್ಷದ ಓದು, ಫೀಸಿನಲ್ಲಿ ರಿಯಾಯಿತಿ, ಹಾಸ್ಟೆಲು ಎಲ್ಲ ವಿವರಿಸಿ, ಕೊನೆಗೆ ಮಗಳನ್ನು ನೋಡಿ, ನೀನೇನು ಹೇಳುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳು ತಿರುಗಿ ನನ್ನ ಮುಖ ನೋಡಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು, “ಯೆಸ್, ಯೆಸ್, ಶಿ ವಿಲ್ ಕಮ್” ಅಂದುಬಿಟ್ಟೆ.

ಮರುದಿನವೇ ಡಬ್ಬಿಯ ತುಂಬ ಸಕ್ಕರೆ ಹಿಡಿದು ಹೊರಟೆ. ಒಂದೇ ಗೋಡೆಯೊಳಗಿನ ನಮ್ಮ ಕಾಂಪೌಂಡಿನಲ್ಲಿ ಹದಿನೆಂಟು ಮನೆಗಳು.

“ಏನ ಇದು, ಹುಡಿಗೀ ಲಗ್ನಾ ಗಟ್ಟಿ ಮಾಡಿದಂಗ ಮಾಡಾಕತ್ತೀಯಲ್ಲ?” ಎಂದು ಗಂಡ ನಕ್ಕರು.

“ಲಗ್ನಕ್ಕಿಂತ ದೊಡ್ಡದೈತಿ ಇದು. ನಿಮಗೇನ್ ತಿಳೀತೈತಿ, ಸುಮ್ಮನ ಕುಂದರ್ರಿ” ಅಂದೆ.

ಪಕ್ಕದ ಮನೆಯ ಮಂಗಳೂರಿನಾಕೆ ಅಂಗೈಯಲ್ಲಿ ಸಕ್ಕರೆ ಹಿಡಿದುಕೊಂಡು, “ಎಂತ ಅಕ್ಕ, ಲಡ್ಡು ಮಾಡ್ಲಿಕ್ಕೆ ಉದಾಸೀನವಾ?” ಎಂದು ಕೇಳಿದಳು. ಸಕ್ಕರೆಯ ಅರ್ಥ ಅವಳಿಗೆ ಬಿಡಿಸಿ ಹೇಳಿದೆ. ತಿಂದ ಮೇಲೆ ಮಾತು ತಪ್ಪುವಂತಿಲ್ಲ ಎಂಬುದನ್ನಂತೂ ಎರಡು ಸಲ ಹೇಳಿದೆ. ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಅಲ್ಲಿಂದಾಚೆ ಅವಳನ್ನು ಏಳಿಸುವ ಕೆಲಸವೇ ನನಗಿರಲಿಲ್ಲ. ಬಿಸಿಲೇರುವ ಮೊದಲೇ ಎದ್ದು, ಅಪ್ಪನ ಬಸ್ಸು ಹೋಗುತ್ತಲೇ ಓಡಲು ಹೋಗುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಎಂಥ ಮಗಳು ಎಂದು ನಾನು ಉಬ್ಬಿದೆ. ಆಡುವಾಗ ಅವಳು ನಗುವುದನ್ನು ಬಿಟ್ಟಿದ್ದಳು, ಅದನ್ನು ಜವಾಬ್ದಾರಿ ಅಂದುಕೊಂಡೆ. ರಜೆಯಲ್ಲಿ ಗೆಳತಿಯರ ಜೊತೆ ಹತ್ತಿರದ ಕಡಲಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಅಲೆದು, ಕೆಸರು ಮೆತ್ತಿಕೊಂಡು ಬಂದು, ಏಡಿ ಮೀನುಗಳ ಚಿತ್ರ ಬರೆಯುತ್ತ ಕೂರುತ್ತಿದ್ದಳು. ಅದನ್ನು ಹುಡುಗಾಟ ಅಂದುಕೊಂಡೆ. ನಾವೋ ಮೀನಿನ ವಾಸನೆಗೇ ಮೂಗು ಮುಚ್ಚುವ ಜನ.

ಅವಳು ಹನ್ನೊಂದನೆಯ ತರಗತಿ ಮುಗಿಸುವ ಹೊತ್ತಿಗೆ, ಒಂದು ಮಧ್ಯಾಹ್ನ ಮಂಗಳೂರಿನಾಕೆ ಬಂದು ಅಡುಗೆಮನೆಯಲ್ಲಿ ಕೂತಳು.

“ಅಕ್ಕ, ನೀವು ಬೈಯ್ಯುದಿಲ್ಲ ಅಂದ್ರೆ ಒಂದು ಹೇಳ್ತೇನೆ. ನಿಮ್ಮ ಮಗಳು ನಿನ್ನೆ ನನ್ನ ಹತ್ರ ಬಂದು ಒಂದು ಕೇಳಿದ್ಲು. ಅವತ್ತು ಕೊಟ್ಟ ಸಕ್ಕರೆಯನ್ನು ಎಲ್ಲರ ಮನೆಗೆ ಹೋಗಿ ವಾಪಸ್ ತಗೊಂಡ್ರೆ ಮಾತು ಬಿಡ್ಬಹುದಾ ಆಂಟಿ, ಅಂತ.”

ನನಗೆ ಮೊದಲು ಬಂದದ್ದು ಸಿಟ್ಟೇ. ಒಲೆ ಆರಿಸಿ, ಸೌಟು ಬಿಸುಟು, ಸೀದಾ ಮಗಳ ಕೋಣೆಗೆ ಹೋದೆ.

“ಅಮೆರಿಕಾಕ್ಕ ಹೋಗೂದು ಬ್ಯಾಡೇನ್ ನಿನಗ?”

“ಬ್ಯಾಡ ಮಮ್ಮಿ. ನನಗ ಫಿಶರೀಸ್ ಓದಬೇಕು. ಮಂಗಳೂರಾಗ ಐತಂತ, ಆಂಟಿ ಹೇಳಿದ್ರು.”

“ಮತ್ತ ಇಷ್ಟ್ ದಿನಾ ಯಾಕ ಬಾಯಿ ಬಿಡಲಿಲ್ಲ?”

“ನೀ ಸಕ್ರಿ ಹಂಚಿದ್ದಿಯಲ್ಲ. ಆಮ್ಯಾಲೆ ಮಾತು ಚೇಂಜ್ ಮಾಡಬಾರ್ದು ಅಂದಿದ್ದಿ. ನಾ ಬ್ಯಾಡ ಅಂದ್ರ ನಿನಗ ಇನ್‌ಸಲ್ಟ್ ಆಗ್ತಿತ್ತು.”

“ಅವತ್ತ ನಿನ್ನ ಕೇಳೇ ಹೂಂ ಅಂದಿದ್ದೆನಲ್ಲ?”

ಅವಳು ಅಳಲಿಲ್ಲ, ದನಿಯೂ ಏರಿಸಲಿಲ್ಲ. “ಕೋಚ್ ನನ್ನ ಕೇಳಿದ್ರು ಮಮ್ಮಿ. ಆನ್ಸರ್ ನೀ ಕೊಟ್ಟಿ” ಅಂದಳು.

ಅವಳ ಮಂಚದ ಮೇಲೆಯೇ ಕೂತೆ. ಬೆಟಗೇರಿಯ ಮನೆಯ ಹಿತ್ತಲ ಬಾಗಿಲು ಕಣ್ಣ ಮುಂದೆ ಬಂತು. ಪ್ರಾಕ್ಟೀಸು ಮುಗಿಸಿ, ಕಾಲಿಗೆ ಮೆತ್ತಿದ ಮಣ್ಣು ತೊಳೆಯುತ್ತಿದ್ದಾಗ ಅವ್ವ ಬಂದು ನನ್ನ ಬಾಯಿಗೊಂದು ಚಿಟಿಕೆ ಸಕ್ಕರೆ ಹಾಕಿದ್ದಳು. ಯಾಕೆ ಎಂದು ನಾನು ಕೇಳುವಷ್ಟರಲ್ಲಿ ಓಣಿಗೆಲ್ಲ ಹಂಚಿ ಮುಗಿದಿತ್ತು. ನನ್ನನ್ನೂ ಯಾರೂ ಕೇಳಿರಲಿಲ್ಲ. ಆ ನೋವು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ನಾನೇ, ಅದನ್ನೇ ಎತ್ತಿ ಮಗಳಿಗೆ ಬಡಿಸಿದ್ದೆ. ನಾಚಿಕೆಯಾಯಿತು. ಅವಳ ಕೈ ಹಿಡಿದು, “ತಪ್ಪಾತು ನಂದು” ಅಂದೆ. ಮಗಳ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು.

ಮರುದಿನ ತಾಯಿ ಮಗಳು ಇಬ್ಬರೂ ಕೂತು ಆ ಕೋಚಿಗೆ ಪತ್ರ ಬರೆದೆವು. ಕ್ಷಮೆ ಕೇಳಲು ನಾನು ಒಂದಿಡೀ ಪುಟ ಹೇಳಿ ಬರೆಸಿದೆ. ಉತ್ತರ ಎರಡೇ ಸಾಲು ಬಂತು. ತಿಳಿಸಿದ್ದಕ್ಕೆ ಥ್ಯಾಂಕ್ಸ್, ಈ ವಯಸ್ಸಿನ ಮಕ್ಕಳು ಮನಸ್ಸು ಬದಲಿಸುವುದು ಮಾಮೂಲಿ, ಒಳ್ಳೆಯದಾಗಲಿ. ಅಯ್ಯೋ ಶಿವನೇ! ನನ್ನ ಕೂಸು ಎರಡೂವರೆ ವರ್ಷ ತಲೆಯ ಮೇಲೆ ಹೊತ್ತು ತಿರುಗಿದ್ದ ಮಾತಿಗೆ ಅಲ್ಲಿ ಅಷ್ಟೇ ತೂಕ.

ಹದಿನೆಂಟು ಮನೆಗಳಿಗೂ ನಾನೇ ಹೋಗಿ ಹೇಳಿ ಬಂದೆ. ಕೊನೆಗೆ ಹೋದದ್ದು ಪಕ್ಕದ ಮನೆಗೆ. “ಆ ಸಕ್ಕರೆ ಚಾಯಕ್ಕೆ ಹಾಕಿ ಯಾವತ್ತೋ ಕುಡಿದಾಯ್ತು ಅಕ್ಕ, ಖಲಾಸ್!” ಎಂದು ಆಕೆ ನಕ್ಕಳು. ಮರುವರ್ಷ ಮಂಗಳೂರಿನಲ್ಲಿ ಸೀಟು ಸಿಕ್ಕಿತು. ನನ್ನ ಕೈ ತಾನಾಗಿ ಡಬ್ಬಿಯ ಕಡೆ ಹೋದದ್ದನ್ನು ಮಗಳು ನೋಡಿದಳು. “ಹಂಚಬ್ಯಾಡ ಮಮ್ಮಿ” ಅಂದಳು. ನಾನು ಡಬ್ಬಿಯನ್ನು ಮುಟ್ಟಲಿಲ್ಲ.

ಕೊನೆಗೂ ವಿಶ್ವಕಪ್ ಬಂತು. ಆ ಡೇರೆಯ ಮೇಲೆ ದೀಪ ಹತ್ತಿತು, ನಮ್ಮ ಸಣ್ಣ ಊರಿನ ರಸ್ತೆಗಳಲ್ಲಿ ಯಾವ ಯಾವುದೋ ದೇಶದ ಬಾವುಟಗಳು ಓಡಾಡಿದವು. ಎರಡನೆಯ ವರ್ಷ ಓದುತ್ತಿದ್ದ ಮಗಳು ರಜೆಗೆ ಬಂದಿದ್ದಳು. ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಅಡುಗೆಮನೆಗೆ ಬಂದು, ಸಕ್ಕರೆ ಡಬ್ಬಿ ತೆರೆದು, ಒಂದು ಚಮಚ ತುಂಬಿಸಿ ನನ್ನ ಬಾಯಿಗೆ ಹಿಡಿದಳು.

“ಏನದ?”

“ತಿನ್ನು ಮೊದಲ.”

ತಿಂದೆ.

“ನಮ್ಮ ಕಾಲೇಜಿನ ಹಾಕಿ ಟೀಮಿಗೆ ಕರದಿದ್ರು. ಎಂಟ್ ದಿನಾ ವಿಚಾರ ಮಾಡಿದೆ. ಇವತ್ತ ಹೂಂ ಅಂದೀನಿ. ನಾನೇ ಅಂದೀನಿ ಮಮ್ಮಿ.”

ಕಾಂಪೌಂಡಿಗೆಲ್ಲ ಹಂಚಿ ಬರಲೇನು ಎಂದು ಕೇಳುವವಳಿದ್ದೆ. ಬಾಯಿ ತುಂಬ ಸಕ್ಕರೆಯಿತ್ತು, ಸುಮ್ಮನಾದೆ.